ಕರ್ನೆಲ್ ಲೈವ್ ಪ್ಯಾಚಿಂಗ್: ಇತಿಹಾಸ

ಆಪರೇಟಿಂಗ್ ಸಿಸ್ಟಮ್ಮಿನ ಅಂತರಂಗವಾದ ಕರ್ನೆಲ್ಲನ್ನು, ಯಂತ್ರವನ್ನು ರೀಬೂಟ್ ಮಾಡದೆ, ಅದು ಓಡುತ್ತಿರುವಾಗಲೇ ತಿದ್ದುವ ವಿಧಾನಕ್ಕೆ ಈ ಹೆಸರು. ಲಿನಕ್ಸಿನಲ್ಲಿ ಇದು 2015ರಲ್ಲಿ ಸಿದ್ಧಿಸಿತೆಂಬ ಮಾತು ಬಹುವಾಗಿ ಪ್ರಚಲಿತವಾಗಿದ್ದರೂ ಅದು ಅರ್ಧಸತ್ಯವೆಂದೇ ಹೇಳಬೇಕಾಗುತ್ತದೆ.

ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ಇಂಥದೊಂದು ವಿಧಾನಕ್ಕೆ ಪೇಟೆಂಟ್ ಕೋರಿತಾದರೂ, ಓಡುವ ಪ್ರೋಗ್ರಾಮಿನ ಆದೇಶಗಳನ್ನು ಮೆಮೊರಿಯಲ್ಲಿಯೇ ಮಾರ್ಪಡಿಸುವ ಪರಿಪಾಠವು 1970ರ ದಶಕದ ಪಿಡಿಪಿ-11 ಯಂತ್ರಗಳಷ್ಟು ಹಳೆಯದೆಂಬ ಆಕ್ಷೇಪಕ್ಕೆ ಅದು ಗುರಿಯಾಯಿತು. ಲಿನಕ್ಸಿಗಾಗಿ ಎಂಐಟಿಯ ಜೆಫ್ ಆರ್ನಲ್ಡ್ ರೂಪಿಸಿದ ಕೆಸ್ಪ್ಲೈಸ್, ಮೂಲ ಹಾಗೂ ತಿದ್ದಿದ ಕರ್ನೆಲ್‌ಗಳೆರಡನ್ನೂ ಕಂಪೈಲ್ ಮಾಡಿ, ಅವುಗಳ ಯಂತ್ರಸಂಕೇತವನ್ನು ಹೋಲಿಸಿ, ಬದಲಾದ ಫಂಕ್ಷನ್ನುಗಳನ್ನು ತಾನಾಗಿಯೇ ಗುರುತಿಸುತ್ತಿತ್ತು. ಫ್ರಾನ್ಸ್ ಕಾಶೂಕರೊಡನೆ ಆರ್ನಲ್ಡ್ 2009ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪರೀಕ್ಷಿಸಿದ 64 ಭದ್ರತಾ ಪ್ಯಾಚುಗಳಲ್ಲಿ 56ಕ್ಕೆ ಹೊಸ ಕೋಡ್ ಬರೆಯುವ ಅಗತ್ಯವೇ ಬೀಳಲಿಲ್ಲ. 2011ರಲ್ಲಿ ಕೆಸ್ಪ್ಲೈಸ್ ಒರೇಕಲ್‌ನ ಸ್ವತ್ತಾಯಿತು.

2014ರಲ್ಲಿ ಸೂಸೆ ಸಂಸ್ಥೆಯ ಕೆಗ್ರಾಫ್ಟ್ ಮತ್ತು ರೆಡ್ ಹ್ಯಾಟ್‌ನ ಕೆಪ್ಯಾಚ್‌ಗಳು ಹೆಚ್ಚುಕಡಿಮೆ ಏಕಕಾಲದಲ್ಲಿ ಬೆಳಕಿಗೆ ಬಂದವು. ಎರಡೂ ಫಂಕ್ಷನ್ನಿನ ಆರಂಭದಲ್ಲಿ ಎಫ್‌ಟ್ರೇಸ್ ಎಂಬ ಕರೆಗಳ ಜಾಡು ಹಿಡಿಯುವ ಸಾಧನಕ್ಕಾಗಿ ಕಂಪೈಲರ್ ಕಾದಿರಿಸಿದ ಸ್ಥಳದಿಂದಲೇ ಕರೆಯನ್ನು ಹೊಸ ಫಂಕ್ಷನ್ನಿಗೆ ತಿರುಗಿಸುತ್ತಿದ್ದುದರಿಂದ, ಭೇದವಿದ್ದುದು ಯಾವ ಕ್ಷಣದಲ್ಲಿ ತಿರುಗಿಸಬೇಕೆಂಬುದರಲ್ಲಿ. ಲಾಕ್ ಹಿಡಿಯುವ ಕೆಲಸವನ್ನು ಕರೆಯಲ್ಪಟ್ಟ ಫಂಕ್ಷನ್ನಿನಿಂದ ಕರೆಯುವ ಫಂಕ್ಷನ್ನಿಗೆ ವರ್ಗಾಯಿಸುವ ಪ್ಯಾಚೊಂದನ್ನು ಭಾವಿಸಿ: ಹಳೆಯ ಫಂಕ್ಷನ್ ಹೊಸದನ್ನು ಕರೆದರೆ ಲಾಕನ್ನು ಯಾರೂ ಹಿಡಿಯರು, ದತ್ತಾಂಶ ಕೆಡುತ್ತದೆ. ಇದರ ನಿವಾರಣೆಗಾಗಿ ಕೆಪ್ಯಾಚ್ ಸಮಸ್ತ ಯಂತ್ರವನ್ನೂ ಕ್ಷಣಕಾಲ ಸ್ತಬ್ಧಗೊಳಿಸಿ, ಬದಲಾಗಲಿರುವ ಫಂಕ್ಷನ್ ಎಲ್ಲಿಯಾದರೂ ಬಳಕೆಯಲ್ಲಿದೆಯೇ ಎಂದು ಪ್ರತಿಯೊಂದು ಪ್ರೋಸೆಸ್ಸಿನ ಸ್ಟ್ಯಾಕನ್ನೂ ಶೋಧಿಸುತ್ತಿತ್ತು. ಕೆಗ್ರಾಫ್ಟ್ ಯಾವುದನ್ನೂ ನಿಲ್ಲಿಸದೆ, ಒಂದೊಂದು ಪ್ರೋಸೆಸ್ಸೂ ಕರ್ನೆಲ್ಲಿನ ಗಡಿಯನ್ನು ದಾಟುವಾಗ ಅದನ್ನು ಹೊಸ ಕೋಡಿಗೆ ಒಯ್ಯುತ್ತಿತ್ತು, ಆದರೆ ದೀರ್ಘನಿದ್ರೆಯಲ್ಲಿರುವ ಪ್ರೋಸೆಸ್ಸುಗಳಿಗಾಗಿ ಕಾಯಬೇಕಾಗಿತ್ತು.

2015ರ ಏಪ್ರಿಲ್‌ನಲ್ಲಿ ಹೊರಬಂದ ಲಿನಕ್ಸ್ 4.0ರಲ್ಲಿ ಸೇರಿದ್ದುದು ಈ ಎರಡಕ್ಕೂ ಸಾಮಾನ್ಯವಾದ ತಳಹದಿ ಮಾತ್ರ; ಕ್ಷಣನಿರ್ಣಯದ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ಸ್ಟ್ಯಾಕ್ ಶೋಧನೆಯನ್ನೂ ಪ್ರೋಸೆಸ್‌ವಾರು ಸ್ಥಾನಾಂತರವನ್ನೂ ಕೂಡಿಸಿದ ಮಿಶ್ರಮಾರ್ಗವು ಕರ್ನೆಲ್ ಅಭಿವೃದ್ಧಿಕಾರ ಜಾಶ್ ಪೊಯಿಂಬೂಫರ ಪ್ರಯತ್ನದಿಂದ 2017ರ ಜುಲೈನಲ್ಲಿ, 4.12ರ ಆವೃತ್ತಿಯೊಡನೆ ನೆಲೆಗೊಂಡಿತಾದುದರಿಂದ, ನಿಜವಾದ ಪರ್ವಕಾಲವನ್ನು ಅಲ್ಲಿಯೇ ಗುರುತಿಸುವುದು ಯುಕ್ತ.

ಇತರ ಸಂಸ್ಥೆಗಳೂ ಲೈವ್ ಪ್ಯಾಚಿಂಗ್ ಸೇವೆಗಳನ್ನು ಆರಂಭಿಸಿದವು. ಆದರೂ ದತ್ತಾಂಶದ ರಚನೆಯನ್ನೇ ಬದಲಿಸುವ ಪ್ಯಾಚುಗಳಿಗೆ ಇಂದಿಗೂ ತಜ್ಞರು ವಿಶೇಷ ಕೋಡನ್ನು ಕೈಯಾರೆ ಬರೆಯಬೇಕಾಗುತ್ತದೆ. ಹೊಸ ಆವೃತ್ತಿಯ ಕರ್ನೆಲ್ಲಿಗೆ ಸಾಗಲು ರೀಬೂಟ್ ಅನಿವಾರ್ಯ.