ನಾಲ್ಕಾಣೆಯ ಹಾಡು

ಮುಂಬಯಿಯ ಫೋರ್ಟ್ ಅಂದರೆ ಊರಿನವರು ಈಗಲೂ ಕೋಟೆ ಎಲ್ಲಿದೆ ಎಂದು ಕೇಳುತ್ತಾರೆ. ಅದರ ಗೋಡೆಗಳನ್ನು ಬ್ರಿಟಿಷರೇ 1860ರ ದಶಕದಲ್ಲಿ ಕೆಡವಿದರು, ಹೆಸರೊಂದು ಉಳಿಯಿತು. 1984ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ನಾನು ಬಂದಿಳಿದಾಗ ಬೋರಾ ಬಜಾರಿನ ಹಳೆ ಕಟ್ಟಡವೊಂದರ ಕೋಣೆಯಲ್ಲಿ ನಾವು ಒಂಬತ್ತು ಜನ. ಹೆಚ್ಚಿನವರು ಹೋಟೆಲಿನವರು. ಹಗಲು ದುಡಿದು ರಾತ್ರಿ ಶಾಲೆಗೆ ಹೋಗುವವರೂ ಇದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಫೋರ್ಟಿನಲ್ಲಿ ನಡೆಸಿದಂಥ ರಾತ್ರಿ ಶಾಲೆಗಳು ಎಷ್ಟು ಹುಡುಗರನ್ನು ದಡ ಸೇರಿಸಿವೆಯೋ, ಅದೇ ಬೇರೆ ಕಥೆ. ನನ್ನ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದ ಕುಂದಾಪುರ ಕಡೆಯ ಹುಡುಗನೂ ರಾತ್ರಿ ಶಾಲೆಯವನೇ.

ನಾನು ಮೊದಲು ಜೂಕ್‌ಬಾಕ್ಸ್ ನೋಡಿದ್ದು ಅವನ ಜೊತೆಗೆ, ಕೊಲಾಬಾದ ಕೆಫೆ ಮಾಂಡೆಗಾರ್‌ನಲ್ಲಿ. ಕಾಸು ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು. ಇದರ ಮೂಲ ಬಹಳ ಹಳೆಯದು. 1889ರ ನವೆಂಬರ್ 23ರಂದು ಲೂಯಿ ಗ್ಲಾಸ್ ಎಂಬಾತ ಸ್ಯಾನ್ ಫ್ರಾನ್ಸಿಸ್ಕೊದ ಮದ್ಯದಂಗಡಿಯೊಂದರಲ್ಲಿ ಎಡಿಸನ್ನನ ಫೋನೋಗ್ರಾಫಿಗೆ ಕಾಸಿನ ಕಂಡಿ ಜೋಡಿಸಿ ಇಟ್ಟ. ಲೌಡ್‌ಸ್ಪೀಕರ್ ಇಲ್ಲದ ಕಾಲ. ನಾಲ್ಕು ಕೊಳವೆ, ಕಿವಿಗಿಟ್ಟುಕೊಂಡು ಒಬ್ಬೊಬ್ಬರೇ ಕೇಳಬೇಕು. 1948ರಲ್ಲಿ ಸೀಬರ್ಗ್ ಕಂಪನಿಯ ಯಂತ್ರ 50 ರೆಕಾರ್ಡುಗಳ ಎರಡೂ ಮಗ್ಗುಲು ನುಡಿಸಿ ನೂರು ಹಾಡು ಕೊಟ್ಟಿತು. ಮರುವರ್ಷ 45 ಆರ್‌ಪಿಎಂನ ಪುಟ್ಟ ರೆಕಾರ್ಡು ಬಂದು ಕೆಲಸ ಇನ್ನೂ ಹಗುರಾಯಿತು.

"ನಮ್ ರಾಜಕುಮಾರ್ ಹಾಡು ಇದ್ರಾಗೆ ಬಪ್ಪುದಿಲ್ಲ ಅಲ್ದಾ?" ಎಂದ ಹುಡುಗ. ಮಾಡಿಯೇ ಬಿಡೋಣ ಅಂದುಕೊಂಡೆವು. ನಾನು ಎಂ.ಕಾಂ., ಅವನು ಹೋಟೆಲ್ ಸಪ್ಲೈಯರ್. ಬಲ್ಬು ಬದಲಿಸುವುದರಾಚೆ ಇಬ್ಬರಿಗೂ ಕರೆಂಟಿನ ಕೆಲಸ ಗೊತ್ತಿರಲಿಲ್ಲ!

ಕ್ಯಾಸೆಟ್ ಬಂದು ರೆಕಾರ್ಡಿನ ಬೆಲೆ ಇಳಿದಿತ್ತು. 1987ರಲ್ಲಿ ಚೋರ್ ಬಜಾರಿನಲ್ಲಿ ಹಳೆಯದೊಂದು ರೆಕಾರ್ಡ್ ಚೇಂಜರ್ ಸಿಕ್ಕಿತು. ಆರು ರೆಕಾರ್ಡು ಪೇರಿಸಿಟ್ಟರೆ ಒಂದಾದ ಮೇಲೊಂದು ತಾನೇ ಬೀಳುತ್ತದೆ. ಬೇಕಾದ ಹಾಡು ಆರಿಸುವ ಯೋಗ ನಮಗಿಲ್ಲ. ಲ್ಯಾಮಿಂಗ್ಟನ್ ರೋಡಿನಿಂದ ಆಂಪ್ಲಿಫೈಯರ್ ಕಿಟ್, ರಿಲೇ, ಸ್ಪೀಕರ್, ಮೈಕ್ರೋಸ್ವಿಚ್, ಎಣಿಸುವ ಕೌಂಟರ್ ತಂದೆವು. ಪೆಟ್ಟಿಗೆಗೆ ಪ್ಯಾಕಿಂಗ್ ಹಲಗೆ. ಕಂಡಿಯಿಂದ ಬಿದ್ದ ನಾಲ್ಕಾಣೆ ಸ್ವಿಚ್ಚು ಒತ್ತಿ, ಪ್ಲಾಸ್ಟಿಕ್ ಪೈಪಿನಲ್ಲಿ ಜಾರಿ, ಸ್ಪೀಕರಿನ ಬೆನ್ನ ಹಿಂದಿನಿಂದ ಡಬ್ಬಿಗೆ ಬೀಳಬೇಕು.

ಮೊದಲ ದಿನ ಒಂದು ನಾಲ್ಕಾಣೆಗೆ ಆರೂ ರೆಕಾರ್ಡು ಹಾಡಿ ಮುಗಿಸಿತು! ಶುರು ಮಾಡಲು ಸ್ವಿಚ್ಚಿತ್ತು, ನಿಲ್ಲಿಸಲು ಇರಲಿಲ್ಲ. ಮುಳ್ಳಿನ ತೋಳು ಹಿಂದಕ್ಕೆ ಬಂದಾಗ ಕರೆಂಟು ಕಡಿಯುವಂತೆ ಇನ್ನೊಂದು ಸ್ವಿಚ್ಚು ಹಾಕಿದೆವು. ಆಮೇಲೆ ಸೌಂಡು ಏರಿಸಿದರೆ ಪೆಟ್ಟಿಗೆ ಎಮ್ಮೆಯ ಹಾಗೆ ಕೂಗತೊಡಗಿತು. ಸ್ಪೀಕರಿನ ನಡುಕ ಮುಳ್ಳಿಗೆ ಹತ್ತಿ, ಮುಳ್ಳಿನದು ಮತ್ತೆ ಸ್ಪೀಕರಿಗೆ ಹೋಗಿ ಸುತ್ತುತ್ತಿತ್ತಂತೆ. ಚೇಂಜರಿನ ಅಡಿಗೆ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಇಟ್ಟೆವು. ನಿಂತಿತು. ಭಾನುವಾರ ಮಧ್ಯಾಹ್ನ ಒಂಬತ್ತೂ ಜನ ಚಾಪೆಯ ಮೇಲೆ ಬಿದ್ದುಕೊಂಡು ಪಿ.ಬಿ. ಶ್ರೀನಿವಾಸರನ್ನು ಕೇಳಿದ್ದು ನೆನಪಿದೆ.

ಕೂಡಿದ ಕಾಸು ಹೊಸ ರೆಕಾರ್ಡಿಗೆ. ಡಬ್ಬಿಯ ಕೀಲಿಕೈ ಹುಡುಗನ ಹತ್ತಿರ, ಲೆಕ್ಕ ನನ್ನದು.

1990ರ ಜನವರಿ. ಕೌಂಟರ್ ಆ ತಿಂಗಳಿಗೆ 318 ತೋರಿಸಿತು. ಡಬ್ಬಿಯಲ್ಲಿ 296. ಮೂರು ಸಲ ಎಣಿಸಿದೆ. ಐದೂವರೆ ರೂಪಾಯಿ ಕಡಿಮೆ. ಬ್ಯಾಂಕಿನಲ್ಲಿ ಕ್ಯಾಶ್ ಶಾರ್ಟ್ ಬಂದರೆ ಹೇಗೆ ಕೇಳುತ್ತಾರೋ ಹಾಗೆಯೇ ಎಲ್ಲರೆದುರು ಕೇಳಿದೆ: "ಕೀಲಿಕೈ ಯಾರ ಹತ್ರ ಇತ್ತು?" ಅವನು ಜೇಬಿನಿಂದ ಆರು ರೂಪಾಯಿ ತೆಗೆದು ಚಾಪೆಯ ಮೇಲಿಟ್ಟ. "ಲೆಕ್ಕ ನಿಮ್ದೇ ಅಲ್ದಾ ಮಾರಾಯ್ರೆ" ಎಂದಷ್ಟೇ ಹೇಳಿದ. ಮೂರನೇ ದಿನ ಟ್ರಂಕು ಎತ್ತಿಕೊಂಡು ಹೋದ. ಎಸ್ಸೆಸ್ಸಿ ಪರೀಕ್ಷೆಗೆ ಎರಡು ತಿಂಗಳಿತ್ತು. ಆ ಮೇಲೆ ಪೆಟ್ಟಿಗೆಗೆ ಯಾರೂ ಕಾಸು ಹಾಕಲಿಲ್ಲ.

1991ರಲ್ಲಿ ನನಗೆ ವರ್ಗವಾಯಿತು. ಪೆಟ್ಟಿಗೆ ಬಿಚ್ಚಿದೆ. ಸ್ಪೀಕರಿನ ಹಿಂದಿನ ಅಯಸ್ಕಾಂತಕ್ಕೆ ನಾಲ್ಕಾಣೆಗಳು ಜೇನುಹುಳದ ಹಾಗೆ ಕಚ್ಚಿಕೊಂಡಿದ್ದವು. 22. ಎಲ್ಲವೂ ಹೊಸವು. ತಾಮ್ರ-ನಿಕ್ಕಲಿನ ಹಳೆ ಪಾವಲಿಯನ್ನು ಅಯಸ್ಕಾಂತ ಹಿಡಿಯುವುದಿಲ್ಲ. 1988ರಲ್ಲಿ ಸರಕಾರ ಸ್ಟೇನ್‌ಲೆಸ್ ಸ್ಟೀಲಿನ 10, 25, 50 ಪೈಸೆ ತಂದಿತ್ತು; ಆ ಸ್ಟೀಲನ್ನು ಹಿಡಿಯುತ್ತದೆ. ದಿನಾ ಕೌಂಟರಿನಲ್ಲಿ ಎರಡೂ ಬಗೆಯ ನಾಣ್ಯ ಎಣಿಸುತ್ತಿದ್ದ ನನಗೆ ಇದು ಹೊಳೆಯಲಿಲ್ಲ.

ಅವನು ಕೆಲಸ ಮಾಡುತ್ತಿದ್ದ ಹೋಟೆಲಿಗೆ ಹೋಗಿ ವಿಚಾರಿಸಿದೆ. ಠಾಣೆ ಕಡೆ ಹೋದ ಅಂದರು. ಠಾಣೆಯಲ್ಲಿ ಎರಡು ಭಾನುವಾರ ಹೋಟೆಲು ಹೋಟೆಲು ಅಲೆದೆ. ಸಿಗಲಿಲ್ಲ.

2011ರ ಜೂನ್ 30ರಿಂದ ನಾಲ್ಕಾಣೆ ಚಲಾವಣೆಯಿಂದ ಹೋಯಿತು. ಅದಕ್ಕೆ ಮೊದಲು ನಮ್ಮ ಶಾಖೆಗೆ ಜನ ಡಬ್ಬಿ ಡಬ್ಬಿ ತಂದು ಬದಲಾಯಿಸಿಕೊಂಡರು. ನನ್ನ ಹತ್ತಿರವೂ 22 ಇದ್ದವು. ಕೊಡಲಿಲ್ಲ.