ಒಥೆಲೋನ ಸ್ವಂತ ಬಣ್ಣ

ಷೇಕ್ಸ್‌ಪಿಯರನ ಒಥೆಲೋ ಕರಿಯ ವೀರ. ಆದರೂ ಇನ್ನೂರು ವರ್ಷಕ್ಕೂ ಮಿಕ್ಕಿ ಲಂಡನ್ನಿನ ಹೆಸರಾಂತ ರಂಗಮಂದಿರಗಳಲ್ಲಿ ಆ ಪಾತ್ರ ವಹಿಸಿದವರು ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿಯರು. ನ್ಯೂಯಾರ್ಕಿನಲ್ಲಿ 1807ರಲ್ಲಿ ಹುಟ್ಟಿದ ಕರಿಯ ನಟ ಐರಾ ಆಲ್ಡ್ರಿಜ್ 1833ರಲ್ಲಿ ಕೋವೆಂಟ್ ಗಾರ್ಡನ್ನಿನಲ್ಲಿ ಒಥೆಲೋ ಆದ. ಪತ್ರಿಕೆಗಳು ಅವನ ಮೈಬಣ್ಣವನ್ನೇ ಜರೆದವು. ಎರಡೇ ಪ್ರದರ್ಶನಕ್ಕೆ ಆಟ ನಿಂತಿತು. ಅವನು ಎದೆಗುಂದದೆ ಯೂರೋಪು, ರಷ್ಯಾಗಳನ್ನು ಸುತ್ತಿ ಮನ್ನಣೆ ಗಳಿಸಿದ. ಬಿಳಿ ಬಣ್ಣ ಹಚ್ಚಿಕೊಂಡು ಲಿಯರ್ ದೊರೆಯೂ ಆದ. 1867ರಲ್ಲಿ ಪೋಲೆಂಡಿನಲ್ಲಿ, ಸಂಚಾರದಲ್ಲಿದ್ದಾಗಲೇ, ತೀರಿಕೊಂಡ.

ಅವನ ತಾಯ್ನಾಡಿನ ಬ್ರಾಡ್‌ವೇ, ಬಿಳಿಯ ನಟರ ನಡುವೆ ಕರಿಯ ಒಥೆಲೋನನ್ನು ಕಂಡದ್ದು 1943ರಲ್ಲಿ. ಪಾಲ್ ರೋಬ್ಸನ್ನನ ಆ ನಾಟಕ 296 ಪ್ರದರ್ಶನ ಕಂಡಿತು. ಪ್ರೇಕ್ಷಕರು ಒಲ್ಲರೆಂಬ ಹಳೆಯ ನೆಪವನ್ನು ಈ ಒಂದು ಸಂಖ್ಯೆಯೇ ಸುಳ್ಳಾಗಿಸಿತೆಂದು ನಾನು ತಿಳಿಯುತ್ತೇನೆ.