ಇಂಡಿಯಾ ಗೇಟಿನ ಕಪ್ಪು ಕಲ್ಲು, ಮೈಸೂರಿನ ಉಳಿ

ನೋಯ್ಡಾ, ಗುರುಗ್ರಾಮದಲ್ಲಿರೋ ನಮ್ಮವರ ಮನೆಗೆ ಊರಿಂದ ಯಾರೇ ಬರಲಿ, ಇಂಡಿಯಾ ಗೇಟ್ ತೋರಿಸದೆ ವಾಪಸ್ ಕಳಿಸೋದಿಲ್ಲ. ಅಲ್ಲಿ ಕಲ್ಲಿನ ಮಂಟಪದ ಕೆಳಗೆ ನಿಂತಿರೋ ನೇತಾಜಿಯ ಮುಂದೆ ಒಂದು ಫೋಟೋ ಆಗಲೇಬೇಕು. ಆ ಪ್ರತಿಮೆ ಕೆತ್ತಿದ ತಂಡದ ಮುಂದಾಳು ಮೈಸೂರಿನವರು ಅಂತ ಹೇಳಿ ನೋಡಿ, ಬಂದವರು ಇನ್ನೊಂದು ಸಲ ತಿರುಗಿ ನೋಡ್ತಾರೆ.

ಆ ಮಂಟಪದಲ್ಲಿ ಮೊದಲು ಇದ್ದದ್ದು ಐದನೇ ಜಾರ್ಜ್ ದೊರೆಯ ಪ್ರತಿಮೆ. 1968ರಲ್ಲಿ ಅದನ್ನು ತೆಗೆದು, ಆಮೇಲೆ ಕರೋನೇಷನ್ ಪಾರ್ಕ್‌ಗೆ ಸಾಗಿಸಿದರು. ಮಂಟಪ ಮಾತ್ರ ಐವತ್ತಕ್ಕೂ ಹೆಚ್ಚು ವರ್ಷ ಖಾಲಿ ನಿಂತಿತ್ತು. ತೆಲಂಗಾಣದ ಖಮ್ಮಂನಿಂದ 280 ಟನ್ ತೂಕದ ಒಂದೇ ಗ್ರಾನೈಟ್ ಬಂಡೆಯನ್ನು 140 ಚಕ್ರಗಳ ಲಾರಿಯಲ್ಲಿ 1,665 ಕಿಲೋಮೀಟರ್ ದೂರ ದೆಹಲಿಗೆ ತಂದರು. ಕೆತ್ತಿ ಮುಗಿದಾಗ ಉಳಿದದ್ದು 65 ಟನ್, 28 ಅಡಿ ಎತ್ತರ. ಸುಮಾರು 26,000 ಮಾನವ ಗಂಟೆಗಳ ಕೆಲಸ ಅಂತ ಸರ್ಕಾರದ ಲೆಕ್ಕ. 2022ರ ಸೆಪ್ಟೆಂಬರ್ 8ರಂದು ಅನಾವರಣ ಆಯಿತು.

ಆ ಮುಂದಾಳು ಅರುಣ್ ಯೋಗಿರಾಜ್. ಐದು ತಲೆಮಾರಿನಿಂದ ಕಲ್ಲು ಕೆತ್ತಿಕೊಂಡು ಬಂದ ಮನೆತನ. ತಾತ ಬಸವಣ್ಣ ಶಿಲ್ಪಿಗಳಿಗೆ ಮೈಸೂರು ಅರಸರ ಆಶ್ರಯ ಇತ್ತು. ತಂದೆ ಯೋಗಿರಾಜ್ ಅವರೂ ಶಿಲ್ಪಿ. ಇಂಥ ಮನೇಲಿ ಹುಡುಗರು ಕೆಲಸ ಕಲಿಯೋದಕ್ಕೆ ಬೇರೆ ಶಾಲೆ ಬೇಕಾಗಿಲ್ಲ. ಆಟದ ಜಾಗವೂ ಅದೇ, ಕೆಲಸದ ಜಾಗವೂ ಅದೇ. ಅರುಣ್ ಕೂಡ ಚಿಕ್ಕಂದಿನಿಂದಲೇ ಉಳಿ, ಸುತ್ತಿಗೆ ಹಿಡಿದವರು. ಆಮೇಲೆ ಏನಾಯಿತು ಅನ್ನೋದು ನಮ್ಮಂಥವರು ಗಮನಿಸಬೇಕಾದ ಭಾಗ. ಅವರು ಎಂಬಿಎ ಓದಿದರು, ಸ್ವಲ್ಪ ಕಾಲ ಖಾಸಗಿ ಕಂಪನೀಲಿ ಕೆಲಸ ಮಾಡಿದರು. 2008ರ ಹೊತ್ತಿಗೆ ಅದನ್ನು ಬಿಟ್ಟು ಮತ್ತೆ ಕಲ್ಲಿನ ಮುಂದೆ ಕೂತರು. ಕೇದಾರನಾಥದ ಶಂಕರಾಚಾರ್ಯರ ಮೂರ್ತಿ, ಈ ನೇತಾಜಿ, 2024ರಲ್ಲಿ ಅಯೋಧ್ಯೆಯ 51 ಇಂಚಿನ ರಾಮಲಲ್ಲಾ, ಎಲ್ಲ ಅದರ ನಂತರದ್ದು.

ಇದಕ್ಕೆ ಉಲ್ಟಾ ದಿಕ್ಕಿನ ಕತೆಯೊಂದು ನೋಯ್ಡಾದಲ್ಲೇ ಇದೆ. ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರ 108 ಅಡಿಯ ಕೆಂಪೇಗೌಡರನ್ನು ನೋಡಿರ್ತೀರಿ. ಅದರ ಶಿಲ್ಪಿ ರಾಮ್ ಸುತಾರ್, ಅವರ ಸ್ಟುಡಿಯೋ ಇದ್ದದ್ದು ನೋಯ್ಡಾದಲ್ಲಿ. ಆ ಪ್ರತಿಮೆಯ ನಾಲ್ಕು ಟನ್ ತೂಕದ ಖಡ್ಗ ಬೆಂಗಳೂರು ಸೇರಿದ್ದು ದೆಹಲಿಯಿಂದ ಲಾರಿಯಲ್ಲಿ. ಸುತಾರ್ ಅಂದರೆ ಮರಾಠಿಯಲ್ಲಿ ಬಡಗಿ. 1925ರಲ್ಲಿ ಧುಳೆ ಜಿಲ್ಲೆಯ ಗೊಂಡೂರಿನ ಬಡಗಿಯ ಮನೇಲಿ ಹುಟ್ಟಿದವರು. ಮೇಷ್ಟ್ರೊಬ್ಬರ ಒತ್ತಾಸೆಯಿಂದ ಮುಂಬೈನ ಜೆಜೆ ಕಲಾಶಾಲೆ ಸೇರಿದರು. ಪುರಾತತ್ವ ಇಲಾಖೆಗೆ ಸೇರಿ ಅಜಂತಾ, ಎಲ್ಲೋರಾದ ಮುರಿದ ಶಿಲ್ಪಗಳನ್ನು ಸರಿಪಡಿಸಿದರು. ಆಮೇಲೆ ದೆಹಲಿಯ ಸರ್ಕಾರಿ ನೌಕರಿಯನ್ನೂ ಬಿಟ್ಟು ಸ್ವಂತವಾಗಿ ಶಿಲ್ಪ ಮಾಡೋಕೆ ಶುರುಮಾಡಿದರು. 182 ಮೀಟರಿನ ಸರ್ದಾರ್ ಪಟೇಲರೂ ಅವರದೇ. 2025ರ ಡಿಸೆಂಬರಿನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಇಬ್ಬರ ಕತೆಯನ್ನೂ ಜೊತೆಗಿಟ್ಟರೆ "ಬೆಳೆಯುವ ಪೈರು ಮೊಳಕೆಯಲ್ಲೇ" ಅನ್ನೋ ಗಾದೆ ನೆನಪಾಗುತ್ತೆ. ಆದರೆ ಗಾದೆಯನ್ನು ಪೂರ್ತಿ ನಂಬೋಕೆ ನನಗೆ ಆಗಲ್ಲ. ನಮ್ಮಪ್ಪನದು ತಿಪಟೂರಿನಲ್ಲಿ ಚಿಕ್ಕ ದರ್ಜಿ ಅಂಗಡಿ. ಬೇಸಿಗೆ ರಜೆಯಲ್ಲಿ ಕಾಜಾ ಹೊಲಿಯೋದು, ಗುಂಡಿ ಹಾಕೋದು ನನ್ನ ಪಾಲಿನ ಕೆಲಸ. ಮೆಷಿನ್ ಹತ್ತಿರ ಹೋದರೆ ಮಾತ್ರ "ಇಲ್ಲಿ ಕೂರಬೇಡ, ಓದ್ಕೋ ಹೋಗು" ಅಂತಿದ್ದರು. ಕಸುಬಿನ ಮನೆಗಳಲ್ಲಿ ಈ ಮಾತು ಹೊಸದಲ್ಲ. ಕಸುಬು ಜಾತಿಗೆ ಅಂಟಿಕೊಂಡಿತ್ತು, ದುಡ್ಡು ಕಡಿಮೆ, ಮರ್ಯಾದೆ ಇನ್ನೂ ಕಡಿಮೆ. ಮಕ್ಕಳು ಅದರಿಂದ ಹೊರಗೆ ಹೋಗಲಿ ಅಂತ ಅಪ್ಪಂದಿರು ಬಯಸಿದ್ದರಲ್ಲಿ ತಪ್ಪೇನಿದೆ? ನಾನು ಎಂಟೆಕ್ ಮಾಡಿ ಇಲ್ಲಿಗೆ ಬಂದದ್ದು ಆ ಬಯಕೆಯಿಂದಲೇ.

ಹಾಗಾಗಿ ಬಾಲ್ಯದ ಕೆಲಸ ಮುಂದಿನ ಬದುಕಿಗೆ ಮುನ್ಸೂಚನೆ ಅನ್ನೋದು ಬಹುಮಟ್ಟಿಗೆ ನಾವು ಕೊನೆಯಿಂದ ಹಿಂದಕ್ಕೆ ಓದೋ ಕತೆ. ಅದೇ ಉಳಿ ಹಿಡಿದ ಎಷ್ಟೋ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲ. ಅರುಣ್ ಅವರಿಗೆ ವಾಪಸ್ ಹೋಗೋಕೆ ಒಂದು ಮನೆ, ಒಬ್ಬ ಗುರು, ಕೆಲಸ ಕೊಡೋ ಜನ ಇದ್ದರು. ಸುತಾರ್ ಅವರಿಗೆ ದಾರಿ ತೋರಿಸೋ ಮೇಷ್ಟ್ರಿದ್ದರು. ಕೈಗೆ ಕಲಿಕೆ ಇದ್ದರೆ ಸಾಲದು, ಆ ಕೈಗೆ ಕೆಲಸ ಸಿಗೋ ವ್ಯವಸ್ಥೆಯೂ ಬೇಕು.

ಆದರೂ ಆ ಕಲಿಕೆ ಪೂರ್ತಿ ಅಳಿದುಹೋಗಲ್ಲ ಅನ್ನೋದು ನನ್ನ ಅನುಭವ. ಕತ್ತರಿಸಿದ ಬಟ್ಟೆಯನ್ನಾಗಲಿ, ಕೆತ್ತಿದ ಕಲ್ಲನ್ನಾಗಲಿ ಮೊದಲಿನ ಹಾಗೆ ಮಾಡೋಕೆ ಆಗಲ್ಲ. ನಮ್ಮ ಕೋಡ್‌ಗೆ ಹಳೆಯ ವರ್ಷನ್ ಇರುತ್ತೆ, ಕಲ್ಲಿಗೆ ಇಲ್ಲ. ಬಟನ್ ಒತ್ತೋ ಮುಂಚೆ ಒಂದು ಕ್ಷಣ ಕೈ ನಿಲ್ಲುತ್ತಲ್ಲ, ಅದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಅಪ್ಪನ ಕತ್ತರಿ.

ನಿಮ್ಮ ಮನೆಯ ಕಸುಬು ಯಾವುದಿತ್ತು? ಮಕ್ಕಳಿಗೆ ಅದರ ಉಪಕರಣಗಳ ಹೆಸರಾದರೂ ಹೇಳಿಕೊಡಿ. ಅವರು ಅದನ್ನೇ ಮಾಡಬೇಕು ಅಂತಲ್ಲ; ಬೇಕು ಅನ್ನಿಸಿದ ದಿನ ಎಲ್ಲಿಂದ ಶುರುಮಾಡಬೇಕು ಅನ್ನೋದು ಗೊತ್ತಿರಲಿ. ಮತ್ತೆ ಸಿಗೋಣ.